ನೆಟ್ಟಿಯ ಮಗ ಆಡಿದ ಮಾತು

ನಮ್ಮೂರಿನ ಹತ್ತಿ ಗಿರಣಿಗಳೆಲ್ಲ ಮುಚ್ಚಿ ಎಷ್ಟೋ ವರ್ಷವಾಯಿತು. ಉಳಿದಿದ್ದು ನೇಕಾರರ ಊಟದ ಹಾಲ್ ಒಂದೇ. ಸರ್ಕಾರದ ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿತ್ತು, ಮೊಳೆ ಹೊಡೆಯಬೇಕಾದರೂ ಅನುಮತಿ ಬೇಕು. ಪ್ರತಿ ಶುಕ್ರವಾರ ನಾವು ಏಳು ಮುದುಕಿಯರು ಅಲ್ಲಿ ಆಲೂಗೆಡ್ಡೆ ಪೈ ತಿನ್ನುತ್ತಾ ಹರಟುತ್ತಿದ್ದೆವು. ದನಿಯಿಲ್ಲದೆ, ಬರೀ ತುಟಿಯಲ್ಲಿ. ಮಗ್ಗಗಳ ಗದ್ದಲದಲ್ಲಿ ಕಲಿತ ಮಾತು ಅದು. ಆ ಗದ್ದಲವೇ ನಮ್ಮ ಕಿವಿಗಳನ್ನೂ ತಿಂದುಹಾಕಿತ್ತು. ಬೇರೆಲ್ಲಿ ಹೋದರೂ ನಾನು ಮೂಗಿಯ ಹಾಗೆ ಕೂತಿರಬೇಕು. ಆ ಹಾಲ್ ಹೋದರೆ ನನ್ನ ಮಾತೇ ಹೋದಂತೆ.

ಅದನ್ನು ಕೊಂಡವನು ಕ್ಲೈವ್. ನನ್ನ ಪಕ್ಕದ ಮಗ್ಗದ ನೆಟ್ಟಿಯ ಮಗ. ಪುಣ್ಯಾತ್ಗಿತ್ತಿ, ಇದನ್ನೆಲ್ಲ ನೋಡುವ ಮೊದಲೇ ಹೋದಳು. ಕೆಡವಿ ಫ್ಲ್ಯಾಟು ಕಟ್ಟುತ್ತೇನೆ ಅಂತ ಅರ್ಜಿ ಹಾಕಿದ. ಪುರಸಭೆಯ ವಿಚಾರಣೆಯಲ್ಲಿ ಆಗಲ್ಲ ಅಂದರು. ಎಲ್ಲರೂ ಚಪ್ಪಾಳೆಯಲ್ಲಿ ಮುಳುಗಿದ್ದಾಗ, ಆಚೆ ಮೂಲೆಯಲ್ಲಿ ಅವನು ವಕೀಲನ ಕಿವಿಯಲ್ಲಿ ಪಿಸುಗುಟ್ಟಿದ್ದು ನನಗೆ ಕಂಡಿತು.

"ಚಾವಣಿಯ ಸೀಸದ ತಗಡು ಆಗ್ಲೇ ಕೀಳ್ಸಿದೀನಿ. ಒಂದು ಚಳಿಗಾಲ ಮಳೆ ಬೀಳ್ಲಿ, ತಾನೇ ಕುಸಿಯತ್ತೆ."

ಮೈಯೆಲ್ಲ ಉರಿದುಹೋಯಿತು. ಎದ್ದು ನಿಂತು ಎಲ್ಲರೆದುರು ಹೇಳಿಯೇಬಿಟ್ಟೆ.

ಅಧಿಕಾರಿ ಹುಡುಗಿ ನನ್ನತ್ತ ತಿರುಗಿ, ನಿಧಾನವಾಗಿ, ಬಿಡಿಸಿ ಬಿಡಿಸಿ ಕೇಳಿದಳು, "ಅಜ್ಜೀ, ಅವ್ರು ಹಾಗಂದಿದ್ದು ನೀವೇ ಕೇಳಿಸ್ಕೊಂಡ್ರಾ?"

"ನಂಗೆಲ್ಲಿ ಕಿವಿ ಕೇಳತ್ತೆ ತಾಯೀ!" ಅಂದುಬಿಟ್ಟೆ.

ಇಡೀ ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನನ್ನ ಬಾಯಿಗಿಷ್ಟು ಮಣ್ಣು ಹಾಕ! ತುಟಿ ನೋಡಿ ತಿಳ್ಕೊಂಡೆ ಅಂತ ಆಮೇಲೆ ಎಷ್ಟು ಬಡಕೊಂಡರೂ ಯಾರು ಕೇಳಬೇಕು?

ಆ ಹುಡುಗಿ ಒಳ್ಳೆಯವಳೇ, ಚಾವಣಿ ನೋಡಲು ಒಬ್ಬನನ್ನು ಕಳಿಸಿದಳು. ಅವನು ಬಂದ, ಕತ್ತೆತ್ತಿದ, ತಗಡು ಕಳ್ಳರ ಪಾಲಾಗಿದೆ ಅಂತ ಬರೆದುಕೊಂಡು ಹೋದ. ರಿಪೇರಿ ಮಾಡಿಸಿ ಅಂತ ಕ್ಲೈವ್‌ಗೆ ಕಾಗದದ ಮೇಲೆ ಕಾಗದ ಹೋಯಿತು, ಅಷ್ಟೇ. ನಾವೇ ಒಂದು ಟಾರ್ಪಾಲು ಹೊದಿಸುತ್ತೇವೆ ಅಂದರೆ, ಪಾರಂಪರಿಕ ಕಟ್ಟಡ, ಅನುಮತಿಯಿಲ್ಲದೆ ಮುಟ್ಟಬೇಡಿ ಅಂದರು! ನಮ್ಮ ಕಡೆ ಚಳಿಗಾಲವೇ ಮಳೆಗಾಲ, ಅಷ್ಟು ದಿನವೂ ಸುರಿಯಿತು. ಬೀಗ ಬಿದ್ದ ಬಾಗಿಲೆದುರು ಕೊಡೆ ಹಿಡಿದು ನಿಂತು ನೋಡುವುದು ಬಿಟ್ಟು ನಾನೇನು ಮಾಡಲಿ?

ಮಾರ್ಚ್‌ನಲ್ಲಿ ಚಾವಣಿ ಕುಸಿಯಿತು. ಮತ್ತೆ ಅದೇ ಸಭೆ. ಅಪಾಯದ ಕಟ್ಟಡ, ಕೆಡವಬಹುದು ಅಂತ ಅಚ್ಚು ಹಾಕಿದ ಕಾಗದವನ್ನು ಎಲ್ಲರ ಕೈಗೂ ಕೊಟ್ಟರು. ಎಲ್ಲರೂ ತಲೆ ತಗ್ಗಿಸಿ ಓದುತ್ತಿದ್ದರು. ನಾನು ಕ್ಲೈವನನ್ನೇ ನೋಡುತ್ತಿದ್ದೆ. ಈ ಸಲ ಅವನು ಬಾಯಿಗೆ ಕೈ ಅಡ್ಡ ಹಿಡಿದು ಕೂತಿದ್ದ.

ಆಮೇಲೆ ಕೈ ತೆಗೆದ. ನೇರ ನನ್ನನ್ನೇ ನೋಡಿ, ದನಿಯೇ ಇಲ್ಲದೆ, ತುಟಿ ಅಗಲಿಸಿ, ಥೇಟ್ ಅವನಮ್ಮನ ಹಾಗೆ ಹೇಳಿದ:

"ಈಗ ಹೇಳಿ ಆಂಟಿ, ಯಾರು ನಂಬ್ತಾರೋ ನೋಡೋಣ."

ಸುತ್ತ ತಿರುಗಿ ನೋಡಿದೆ. ಎಲ್ಲರೂ ಇನ್ನೂ ಓದುತ್ತಿದ್ದರು.