ದಯವಿಟ್ಟು ಅಂದವರು ಯಾರು?

ಹಾಸಿಗೆ ಕಾರ್ಖಾನೆಯ ಆಫೀಸಿನಲ್ಲಿ ಬಿಲ್ ಬರೆಯುವವನಿಗೆ ಎಲ್ಲರೂ ಇಟ್ಟ ಹೆಸರು ‘ಅಯ್ಯೋ’. ಪೆನ್ನು ಬಿದ್ದರೂ ಅಯ್ಯೋ, ಸಂಬಳ ಬಂದರೂ ಅಯ್ಯೋ. ಅವತ್ತು ಊಟ ಮುಗಿಸಿ ಕಂಪ್ಯೂಟರ್ ಮುಂದೆ ಕೂತವನು ಕುರ್ಚಿಯಿಂದ ಅರ್ಧ ಎದ್ದೇಬಿಟ್ಟ.

“ಅಯ್ಯೋ! ಅಕ್ಕಾ, ಮ್ಯಾನೇಜರ್ ಸಾರ್ ಮೇಲ್ ಹಾಕಿ ವಿಡಿಯೊ ಮೀಟಿಂಗ್ ಕರೆದಿದ್ದಾರೆ. ಈಗಲೇ ಅಂತೆ. ಬರದೇ ಇದ್ದವರು ನಾಳೆಯಿಂದ ಕೆಲಸಕ್ಕೆ ಬರೋದು ಬೇಡವಂತೆ!”

ಪಕ್ಕದ ಮೇಜಿನಲ್ಲಿ ಲಾರಿಗಳ ಲೋಡು ನೋಡಿಕೊಳ್ಳುವ ಅಕ್ಕ ತಲೆ ಎತ್ತಲಿಲ್ಲ. “ಹಾಗಾದ್ರೆ ಹೋಗಪ್ಪ.”

ಅವನು ಮೇಲ್‌ನಲ್ಲಿದ್ದ ಲಿಂಕ್ ಒತ್ತಿದ. ‘ಮ್ಯಾನೇಜರ್ ನಿಮಗಾಗಿ ಕಾಯುತ್ತಿದ್ದಾರೆ. ದಯವಿಟ್ಟು ಆಫೀಸ್ ಮೇಲ್‌ನ ಪಾಸ್‌ವರ್ಡ್ ಹಾಕಿ ಒಳಗೆ ಬನ್ನಿ’ ಎಂದಿತು ಪರದೆ. ಅವನು ಅದನ್ನು ಜೋರಾಗಿ ಓದಿಕೊಳ್ಳುತ್ತಲೇ ಟೈಪ್ ಮಾಡಲು ಬೆರಳು ಇಳಿಸಿದ.

“ತಡಿ ತಡಿ,” ಅಕ್ಕ ಈಗ ತಲೆ ಎತ್ತಿದಳು. “ದಯವಿಟ್ಟು ಅಂದ್ರಾ? ನಮ್ಮ ಗುಡುಗಪ್ಪ ಮ್ಯಾನೇಜರಾ? ಅವರ ಹತ್ರ ದಯೆನೂ ಇಲ್ಲ, ಇಟ್ಟಿದ್ದೂ ಇಲ್ಲ!”

ಅಷ್ಟರಲ್ಲಿ ಪ್ಲೈವುಡ್ ಗೋಡೆಯಾಚೆಯಿಂದ ಗರಗಸ ಎಳೆದಂಥ ಸದ್ದು ಬಂತು. ಊಟವಾದ ಮೇಲೆ ಸ್ಯಾಂಪಲ್ ಹಾಸಿಗೆಯ ಮೇಲೆ ಮಲಗಿ ಗುಣಮಟ್ಟ ಪರೀಕ್ಷಿಸುವುದು ಮ್ಯಾನೇಜರರ ರೂಢಿ.

“ಮೀಟಿಂಗಲ್ಲಿ ಕಾಯ್ತಿರೋರು ಗೊರಕೆ ಹೊಡೀತಾರಾ? ಹೋಗಿ ಕೇಳು,” ಅಂದಳು ಅಕ್ಕ.

“ಅಯ್ಯೋ! ಹೋದ ವಾರ ಒಂದು ಮೇಲ್ ನೀವೇ ಕಳಿಸಿದ್ದಾ ಸಾರ್ ಅಂತ ಕೇಳಿದ್ದಕ್ಕೆ, ‘ನನ್ನ ಹೆಸರು ಓದೋಕೆ ಬರಲ್ವೇನೋ ಕತ್ತೆ’ ಅಂತ ಊರಿಗೆಲ್ಲ ಕೇಳೋ ಹಾಗೆ ಬೈದ್ರು. ನಿದ್ದೆ ಬೇರೆ ಕೆಡಿಸಿದ್ರೆ ಕೆಲಸಾನೇ ಹೋಗುತ್ತೆ.”

“ಕೇಳದೇ ಇದ್ರೆ ಉಳಿಯುತ್ತಾ?”

ಕೇಳಿದರೆ ಬೈಗುಳ, ಕೇಳದಿದ್ದರೆ ಕಳ್ಳ. ಇಂಥ ಆಫೀಸಿನಲ್ಲಿ ಕಳ್ಳನಿಗೆ ಬೀಗ ಒಡೆಯುವ ಕಷ್ಟವೂ ಇಲ್ಲ.

ಹುಲಿಯ ಬಾಯಿಗೆ ತಲೆ ಕೊಡುವವನಂತೆ ಹೋಗಿ ಅಯ್ಯೋ ಬಾಗಿಲು ತಟ್ಟಿದ. ಗೊರಕೆ ನಿಂತಿತು.

“ಸಾರ್, ನೀವು ಮೀಟಿಂಗಲ್ಲಿದ್ದೀರಾ?”

“ಯಾವನೋ ಅವನು? ನಿದ್ದೇಲಿದ್ದೀನಿ!”

ಮ್ಯಾನೇಜರರು ಧುಮುಗುಡುತ್ತಾ ಹೊರಗೆ ಬಂದರು. ಅಯ್ಯೋ ಪರದೆ ತೋರಿಸಿದ. ಅದನ್ನು ನೋಡಿದ್ದೇ ತಡ, ಗುಡುಗು ಅಡಗಿತು.

“ಇದು ನಾನು ಕಳಿಸಿದ್ದಲ್ಲ. ಇಂಥದ್ದೇ ಒಂದು... ಬೆಳಗ್ಗೆ ನನಗೂ ಬಂದಿತ್ತು. ಮಾಲೀಕರ ಹೆಸರಲ್ಲಿ. ಪಾಸ್‌ವರ್ಡ್ ಹಾಕಿದೆ. ಒಳಗೆ ಒಂದು ನರಪಿಳ್ಳೆನೂ ಇರಲಿಲ್ಲ.”

“ಓಹೋ. ಆ ಕಳ್ಳ ಈಗ ನಿಮ್ಮ ಮೇಲ್ ಒಳಗೇ ಕೂತು ನಮ್ಮನ್ನ ಕರೀತಿದ್ದಾನೆ,” ಅಂದಳು ಅಕ್ಕ. “ಮಾಲೀಕರಿಗೆ ಒಂದು ಫೋನ್ ಮಾಡಿ ಕೇಳಬಾರದಿತ್ತಾ ಸಾರ್?”

“ಕೇಳಿದ್ರೆ ಬೈತಾರೆ ಕಣಮ್ಮ.”

ಅಕ್ಕ ಅಯ್ಯೋನ ಮುಖ ನೋಡಿದಳು, ಅಯ್ಯೋ ನೆಲ ನೋಡಿದ. ಆಡಿದ ಮಾತು ತಮ್ಮ ಕಿವಿಗೇ ಬಿದ್ದು ಮ್ಯಾನೇಜರರು ಇಂಗು ತಿಂದ ಮಂಗನಂತಾದರು. ಆಮೇಲೆ ಪಾಸ್‌ವರ್ಡ್ ಬದಲಾಯಿಸಿ, ಆ ಮೇಲ್ ಯಾರೂ ತೆರೆಯಬೇಡಿ ಎಂದು ಮೇಜು ಮೇಜಿಗೂ ತಾವೇ ಹೋಗಿ ಹೇಳಿ, ಮಾಲೀಕರಿಗೆ ಫೋನ್ ಮಾಡಿದರು. ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದಿದ್ದರೂ ಬೈಗುಳ ಇಡೀ ಆಫೀಸಿಗೆ ಕೇಳಿಸಿತು.

ಮರುದಿನ ಬೆಳಗ್ಗೆ ಅಕ್ಕನಿಗೂ ಅಯ್ಯೋಗೂ ಕೇಳಿಸಿದ್ದು ಮ್ಯಾನೇಜರರ ಬೇರೆಯೇ ದನಿ. “ಇಬ್ಬರೂ ಸ್ವಲ್ಪ ಒಳಗೆ ಬನ್ನಿ... ದಯವಿಟ್ಟು.”

“ಅಯ್ಯೋ! ಅಕ್ಕಾ, ಇದೂ ಮೋಸಾನಾ?”

“ಅನುಮಾನ ಇದ್ರೆ ಕೇಳ್ಕೊಂಡು ಬಾ.”

ಅವನು ಹೋದ. ಮ್ಯಾನೇಜರರ ಕೋಣೆಯ ಬಾಗಿಲು ಪೂರ್ತಿ ತೆರೆದಿತ್ತು; ಮತ್ತೆ ಮುಚ್ಚದಂತೆ ಅದರಡಿ ಹಾಸಿಗೆಯ ಫೋಮಿನ ತುಂಡು ತುರುಕಿದ್ದರು. ತಟ್ಟಲು ಎತ್ತಿದ ಕೈಗೆ ಬಾಗಿಲೇ ಸಿಗಲಿಲ್ಲ.