ಒಲೆಕೋಣೆಯ ಟೊಮೆಟೊ ಸಸಿಗಳು

ನಾರಿನ್ ಊರಿನಂಚಿನ ಆ ಮನೆಯಲ್ಲಿ ಚಳಿಗಾಲದ ಕೊನೆಗೆ ಮನುಷ್ಯರಿಗಿಂತ ಟೊಮೆಟೊ ಸಸಿಗಳಿಗೇ ಹೆಚ್ಚು ಮರ್ಯಾದೆ. ಕಲ್ಲಿದ್ದಲ ಒಲೆಯಿದ್ದ ದೊಡ್ಡ ಕೋಣೆಯಲ್ಲಿ ಗೋಡೆಯುದ್ದಕ್ಕೂ ಹಲಗೆ, ಹಲಗೆಯ ಮೇಲೆ ಸಸಿತಟ್ಟೆ, ಅದರ ಮೇಲೆ ಬಿಸಿಲಿನ ಬದಲಿಗೆ ನೇತಾಡುವ ನೇರಳೆ ದೀಪ. ಹಿಮ ಕರಗಿ ಸಂತೆ ಕೂಡಿದಾಗ ಉಲ್ಕಾನ್ ಮುದುಕಿಯ ಸಸಿಗಳಿಗೆ ಜನ ಮುಗಿಬೀಳುತ್ತಿದ್ದರು. ಆ ವರ್ಷ ಅವುಗಳ ಆರೈಕೆ ಸೊಸೆ ಬೆಗಾಯಿಮ್‌ಳ ಪಾಲಿಗೆ ಬಂತು. ಅವಳು ಬಸುರಿ, ಮನೆಯ ಹೊಸ್ತಿಲು ದಾಟುವಂತಿರಲಿಲ್ಲ.

ಹಿಂದಿನ ಸಲ ನೀರು ತರಲು ಹೋಗಿ ಮಂಜುಗಡ್ಡೆಯ ಮೇಲೆ ಜಾರಿಬಿದ್ದು ಹೊಟ್ಟೆಯಲ್ಲಿದ್ದದ್ದನ್ನು ಕಳೆದುಕೊಂಡಿದ್ದಳು. ಈ ಸಲ ಉಲ್ಕಾನ್ ಹಾಗಾಗಗೊಡುವವಳಲ್ಲ. ಹೊರಗೆ ಹೊರಟಾಗಲೆಲ್ಲ ಬಾಗಿಲಿಗೆ ಬೀಗ ಜಡಿದು ಬೀಗದಕೈಯನ್ನು ಎದೆಗವಚಿಕೊಂಡು ಹೋಗುತ್ತಿದ್ದಳು. ಬೆಗಾಯಿಮ್‌ಳ ಗಂಡ ತಲಾಯ್ ಬೆಟ್ಟದಾಚೆಯ ಚಿನ್ನದ ಗಣಿಯಲ್ಲಿ ಪಾಳಿಯ ಮೇಲಿದ್ದ. ಚಳಿ ನುಸುಳದಂತೆ ಕಿಟಕಿಯ ಸಂದುಗಳಿಗೆಲ್ಲ ಮೈದಾ ಅಂಟಿನಲ್ಲಿ ಕಾಗದ ಮೆತ್ತಿತ್ತು. ಬೆಗಾಯಿಮ್ ಹಗಲಿಡೀ ಆ ನೇರಳೆ ಬೆಳಕಿನಲ್ಲೇ ಇರುತ್ತಿದ್ದಳು, ರಾತ್ರಿ ಅಲ್ಲೇ ಹಾಸಿಕೊಳ್ಳುತ್ತಿದ್ದಳು. ಬೆಳಿಗ್ಗೆ ಏಳುವಾಗ ತಲೆ ಸಿಡಿಯುತ್ತಿತ್ತು.

"ಬಸುರಲ್ಲಿ ತಲೆ ನೋಯದೆ ಬಾಲ ನೋಯುತ್ತೇನೆ?" ಎನ್ನುತ್ತಿದ್ದಳು ಅತ್ತೆ. "ತೆಪ್ಪಗೆ ಮಲಕ್ಕೋ."

ಆಮೇಲೆ ಸಸಿಗಳ ಎಲೆಗಳು ಮುದುಡತೊಡಗಿದವು. ಬೆಗಾಯಿಮ್ ರಾಜಧಾನಿ ಬಿಷ್ಕೆಕ್‌ನಲ್ಲಿ ಕೃಷಿ ಓದಿದವಳು. ದೀಪದ ಕಾವು ಹೆಚ್ಚಾಯಿತೇನೋ ಎಂದು ದೀಪಗಳನ್ನು ಮೇಲೆತ್ತಿ ಕಟ್ಟಿದಳು. ಪ್ರಯೋಜನವಾಗಲಿಲ್ಲ. ಕಾವು ತಾಗಿದ ಎಲೆ ಅಂಚು ಮೇಲೆತ್ತಿ ದೋಣಿಯಾಗುತ್ತದೆ. ಇವು ತೊಟ್ಟಿನಿಂದಲೇ ಕೆಳಗೆ ಬಾಗಿ ಹದ್ದಿನುಗುರಿನಂತೆ ಒಳಸುತ್ತಿಕೊಂಡಿದ್ದವು. ನೀರು ಜಾಸ್ತಿಯಾಯಿತೇ ಎಂದು ಮಣ್ಣಿಗೆ ಬೆರಳಿಟ್ಟಳು, ಹದವಾಗಿತ್ತು. ಮಾವನ ಹಳೆಯ ಭೂತಗನ್ನಡಿ ಹಿಡಿದು ಎಲೆಯಡಿ ಹುಳ ಹುಡುಕಿದಳು. ಒಂದೂ ಇರಲಿಲ್ಲ.

ಉಲ್ಕಾನ್‌ಳಿಗೆ ಕಾರಣ ಆಗಲೇ ಗೊತ್ತಾಗಿಬಿಟ್ಟಿತ್ತು. "ನಿನ್ನ ಕೈಗುಣ ಕಣೇ. ಓದಿದ ಕೈ ಅಂತ ಬಿಟ್ಟೆ ನೋಡು, ನನಗೆ ಬುದ್ಧಿಯಿಲ್ಲ!" ಎಂದು ಒಂದು ತಟ್ಟೆಯನ್ನೂ ಒಂದು ದೀಪವನ್ನೂ ತನ್ನ ಮಲಗುವ ಕೋಣೆಗೆ ಹೊತ್ತೊಯ್ದಳು. ಅಲ್ಲಿದ್ದದ್ದು ಕರೆಂಟಿನ ಹೀಟರ್. ಬೆಚ್ಚಗಿರಲೆಂದು ಬಾಗಿಲು ಸದಾ ಮುಚ್ಚಿರುತ್ತಿತ್ತು. ವಾರ ಕಳೆಯುವಷ್ಟರಲ್ಲಿ ಆ ಸಸಿಗಳ ಎಲೆಗಳು ಅಂಗೈ ಚಾಚಿದಂತೆ ನೆಟ್ಟಗಾದವು.

"ನೋಡಿದ್ಯಾ?" ಎಂದಳು ಉಲ್ಕಾನ್. ಮರುದಿನ ಪಕ್ಕದ ಹಳ್ಳಿಯಲ್ಲಿ ಯಾರದೋ ತಿಥಿಯೂಟ. ಹೊರಡುವ ಮುಂಚೆ ಇದ್ದಲು ಉಳಿಯಲೆಂದು ಚಿಮಣಿಯೊಳಗಿನ ಅಡ್ಡತಗಡನ್ನು ಅರ್ಧ ಮುಚ್ಚಿದಳು, ಬಾಗಿಲಿಗೆ ಬೀಗ ಹಾಕಿದಳು, ಹೋದಳು.

ಬೆಗಾಯಿಮ್ ಅತ್ತೆಯ ಕೋಣೆಗೆ ಹೋಗಿ ಆ ತಟ್ಟೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ಅದೇ ಬೀಜ, ಅದೇ ಮಣ್ಣು, ಅದೇ ದೀಪ. ನೀರು ಹಾಕುತ್ತಿದ್ದವಳೂ ತಾನೇ. ಹಾಗಾದರೆ ಕೈಗುಣ ಎಲ್ಲಿಂದ ಬಂತು? ಬೇರೆಯಾದದ್ದು ಕೋಣೆಯ ಗಾಳಿಯೊಂದೇ. ಟೊಮೆಟೊ ಎಲೆ ಹೀಗೆ ಜೋತುಬಿದ್ದರೆ ಮೊದಲು ಒಲೆ ನೋಡಿ, ಎಂದು ಕಾಲೇಜಿನಲ್ಲಿ ಮೇಷ್ಟ್ರೊಬ್ಬರು ಹೇಳಿದ್ದು ನೆನಪಾಯಿತು. ಸರಿಯಾಗಿ ಉರಿಯದ ಒಲೆಯ ಗಾಳಿ ಗಿಡಕ್ಕೆ ಬೇಗ ತಿಳಿಯುತ್ತದೆ. ಅದರ ಜೊತೆಗೇ ಬರುವ ವಿಷಕ್ಕೆ ವಾಸನೆಯಿಲ್ಲ, ಮನುಷ್ಯರಿಗೆ ತಿಳಿಯುವುದೇ ಇಲ್ಲ. ಅವಳ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ದಿನಾ ಒದೆಯುತ್ತಿದ್ದ ಕೂಸು ಬೆಳಗಿನಿಂದ ಸುಮ್ಮನಿತ್ತು.

ಒಲೆಕೋಣೆಗೆ ಓಡಿ ತಗಡನ್ನು ಪೂರ್ತಿ ತೆರೆದಳು. ಹೊಗೆ ಮೇಲೇರದೆ ವಾಪಸು ಮುಖಕ್ಕೇ ಬಂತು. ಬಾಗಿಲನ್ನು ಭುಜದಿಂದ ಗುದ್ದಿದಳು, ಅದು ಅಲುಗಲಿಲ್ಲ. ಕಿಟಕಿಯ ಚಿಲಕ ಎಳೆದಳು, ಅಂಟಿಸಿದ ಕಾಗದದೊಳಗೆ ಹೆಪ್ಪುಗಟ್ಟಿ ಕೂತಿತ್ತು. ಕೆಂಡ ಕೆದಕುವ ಸಲಾಕೆ ತೆಗೆದುಕೊಂಡು ಎರಡು ಪದರದ ಗಾಜನ್ನೂ ಚಚ್ಚಿ ಪುಡಿಮಾಡಿದಳು. ಚಳಿ ಧುಮುಕಿ ಒಳಗೆ ಬಂತು. ತುಂಬಿದ ಹೊಟ್ಟೆ ಹೊತ್ತು ಅದರಿಂದ ಹೊರಗಿಳಿಯುವಂತಿರಲಿಲ್ಲ. ಕಿಟಕಿಗೆ ಮುಖ ಕೊಟ್ಟು ನಿಂತು ನೀರು ಕುಡಿದಂತೆ ಉಸಿರೆಳೆದಳು.

ಸದ್ದು ಕೇಳಿ ಪಕ್ಕದ ಮನೆಯ ಸಾತ್ಕಿನ್ ಓಡಿಬಂದಳು. "ಅಯ್ಯೋ, ಹುಚ್ಚು ಹಿಡೀತೇನೇ ನಿನಗೆ?"

"ಚಿಮಣಿ ಕಟ್ಟಿದೆ ಅಕ್ಕಾ, ಒಲೆಯಿಂದ ವಿಷ ಬರ್ತಿದೆ. ಬೀಗ ಒಡೆಸಿ."

"ಉಲ್ಕಾನ್ ಬೀಗಾನಾ? ನನ್ನ ಬುರುಡೆ ಒಡೀತಾಳೆ ಅವಳು!" ಎಂದಳು ಸಾತ್ಕಿನ್. ಆದರೂ ಮೈಮೇಲಿನ ಕೋಟು ಬಿಚ್ಚಿ ಹೊದ್ದುಕೋ ಎಂದು ಕಿಟಕಿಯೊಳಗೆ ಕೊಟ್ಟು, ಉಲ್ಕಾನ್‌ಳನ್ನು ಕರೆತರಲು ತನ್ನ ಗಂಡನನ್ನು ತಿಥಿಮನೆಗೆ ಕಾರಿನಲ್ಲಿ ಅಟ್ಟಿದಳು. ಬೇಲಿಯ ಬಳಿ ಜನ ಕೂಡಿದರು. ಎಲ್ಲರೂ ಅಯ್ಯೋ ಎಂದರು. ಬೀಗ ಮುಟ್ಟಿದವರು ಯಾರೂ ಇಲ್ಲ.

ಉಲ್ಕಾನ್ ಬಂದು ಬೀಗ ತೆಗೆದವಳು ಮೊದಲು ಕಂಡದ್ದು ಸಸಿಗಳನ್ನು. ಕಿಟಕಿಯ ಪಕ್ಕದವೆಲ್ಲ ಬೆಂದ ಸೊಪ್ಪಿನಂತೆ ಕಪ್ಪಾಗಿದ್ದವು. "ನನ್ನ ಮನೆ ತೊಳೆದುಬಿಟ್ಯಲ್ಲೇ!" ಎಂದು ಕೈಯೆತ್ತಿದಳು.

"ಹೊಡೀರಿ ಅತ್ತೆ," ಎಂದಳು ಬೆಗಾಯಿಮ್. "ಆದ್ರೆ ಮೊದಲು ಚಿಮಣಿ ನೋಡಿಸಿ. ಕೂಸು ಬೆಳಿಗ್ಗೆಯಿಂದ ಅಲುಗಾಡಿಲ್ಲ."

ಎತ್ತಿದ ಕೈ ಹಾಗೇ ನಿಂತಿತು. ಉಲ್ಕಾನ್ ಸೊಸೆಯನ್ನು ಸಾತ್ಕಿನ್‌ಳ ಗಂಡನ ಕಾರಿಗೆ ಹತ್ತಿಸಿ ಆಸ್ಪತ್ರೆಗೆ ಹೊರಡಿಸಿದಳು. ದಾರಿಯುದ್ದಕ್ಕೂ ಸೊಸೆಯ ಮಣಿಕಟ್ಟನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದಳು. ಆಸ್ಪತ್ರೆಯ ದಾದಿ ಹೊಟ್ಟೆಯ ಮೇಲೆ ಯಂತ್ರವಿಟ್ಟು ಅತ್ತಿತ್ತ ಸರಿಸಿ ಬಹಳ ಹೊತ್ತು ಆಲಿಸಿದಳು. ಕೊನೆಗೆ ಕೂಸಿನ ಎದೆಬಡಿತದ, ಕುದುರೆಯ ಓಟದಂಥ ಸದ್ದು ಕೋಣೆಯಲ್ಲಿ ತುಂಬಿತು. ಉಲ್ಕಾನ್ ಗೋಡೆಗೆ ತಿರುಗಿ ನಿಂತಳು.

ಚಿಮಣಿ ಶುಚಿಮಾಡಲು ಬಂದವನು ಒಂದು ಬುಟ್ಟಿ ಮಸಿಯನ್ನೂ ಸತ್ತ ಕಾಗೆಯೊಂದನ್ನೂ ಹೊರತೆಗೆದ. ಉಲ್ಕಾನ್ ತಪ್ಪಾಯಿತು ಎನ್ನಲಿಲ್ಲ. ಕಿಟಕಿಗೆ ಹೊಸ ಗಾಜು ಹಾಕಿಸಿ, ಸೊಸೆಯ ಹಾಸಿಗೆ ಸುತ್ತಿ ತನ್ನ ಕೋಣೆಗೆ ಸಾಗಿಸಿ, ತನ್ನ ಮಂಚದ ಪಕ್ಕದಲ್ಲೇ ಹಾಸಿದಳು.

"ಇನ್ಮೇಲೆ ನನ್ನ ಕಣ್ಣೆದುರೇ ಇರು," ಎಂದಳು. "ಕೊಟ್ಟಿಗೆಗೆ ಹೋಗೋದಾದ್ರೂ ನಿನ್ನ ಕರ್ಕೊಂಡೇ ಹೋಗ್ತೀನಿ."

"ಅಂಗಳದವರೆಗೆ ಒಬ್ಬಳೇ ಹೋಗಿಬರಲಾ ಅತ್ತೆ? ಗಾಳಿಗೆ?"

"ಹೆರಿಗೆ ಆಗಲಿ."

ಮುದುಕಿ ಅವಳ ಕಾಲಿಗೆ ಕುರಿಯುಣ್ಣೆಯ ರಗ್ಗು ಹೊದಿಸಿ, ಅಂಚುಗಳನ್ನು ಹಾಸಿಗೆಯಡಿ ಬಿಗಿಯಾಗಿ ಸಿಕ್ಕಿಸಿದಳು. ಬೆಗಾಯಿಮ್ ಮಗ್ಗುಲಾಗಲು ನೋಡಿದಳು, ಆಗಲಿಲ್ಲ. "ತಲೆ ನೋಯ್ತಿದೆಯಾ?" ಎಂದು ಅತ್ತೆ ಕೇಳಿದಳು. ಇಲ್ಲವೆಂದಳು. ಕಣ್ಣು ಮುಚ್ಚುವಷ್ಟರಲ್ಲಿ ಮತ್ತೆ ಅದೇ ಪ್ರಶ್ನೆ ಬಂತು.