ಕ್ಷಮಾಳ ಎದೆ, ಅತ್ತೆಯ ಗಂಟು

ಕಮೋಡ್ ಕುರ್ಚಿಯನ್ನು ತೊಳೆದು ಒಣಗಿಸಿ, ಹಳೆ ಸೀರೆಯಲ್ಲಿ ಸುತ್ತಿ ಅತ್ತೆ ಗುಲಾಬಿ ಅದನ್ನು ಅಂಗಳಕ್ಕೆ ತಂದಿಟ್ಟಾಗ, ಇನ್ನು ಬಾಯಿ ಮುಚ್ಚಿಕೊಂಡಿರುವುದು ಸರಿಯಲ್ಲ ಎಂದು ಸೊಸೆ ಸುಗುಣಳಿಗೆ ಅನ್ನಿಸಿತು.

“ಯಡ್ತರೆ ಊರಿನ್ ತಂಗಿಗೆ ಕೊಟ್ಟ್ ಬಿಡ್ತೆ. ನಂಗ್ ಇನ್ನ್ ಎಂತಕ್ಕೆ?” ಎನ್ನುತ್ತ ಗುಲಾಬಿ ಬಂಗಡೆ ಮೀನು ಕೊಯ್ಯಲು ನೆಲದಲ್ಲೇ ಕುಳಿತರು. ಹಾಗೆ ಕೂರದೆ ಎಂಟು ವರ್ಷವಾಗಿತ್ತು.

ಮೂರು ವಾರದ ಹಿಂದೆ ಅವರ ಎರಡೂ ಮೊಣಕಾಲಿಗೆ ಸೂಜಿ ಇಳಿಸಿ, ರೇಡಿಯೋ ಅಲೆಯ ಬಿಸಿಯಲ್ಲಿ ನೋವಿನ ನರಗಳನ್ನು ಸುಟ್ಟಿದ್ದರು. ನಾವುಂದದ ಆ ಮನೆಯಲ್ಲಿ ಅದಕ್ಕೆ ‘ಕರೆಂಟ್ ಕೊಡುವುದು’ ಎಂದೇ ಹೆಸರು. ಎರಡು ವರ್ಷದ ಹಿಂದೆ ಸುಗುಣಳ ಮಗಳು ಕ್ಷಮಾಳಿಗೂ ಕೊಡಿಸಿದ್ದರು, ಎದೆಗೆ. ಕುಳಿತಲ್ಲೇ ಎದೆ ಓಡತೊಡಗಿ, ಕಣ್ಣು ಕತ್ತಲಿಟ್ಟು ಬೀಳುತ್ತಿದ್ದ ಹುಡುಗಿ ಆಮೇಲೆ ಒಂದು ಗುಳಿಗೆಯನ್ನೂ ನುಂಗಿಲ್ಲ. ಮೊಮ್ಮಗಳನ್ನು ಕಂಡೇ ಗುಲಾಬಿ ತಮ್ಮ ಕಾಲಿನ ಗಂಟಿಗೂ ಒಪ್ಪಿದ್ದು.

“ಕುರ್ಚಿ ಇಲ್ಲೇ ಇರ್ಲಿ ಅತ್ತೆ.”

“ಯಾಕೆ ಹೆಣೆ, ನಾ ಮತ್ತೆ ಮೂಲೆಗ್ ಬೀಳ್ಕಾ?”

“ನರ ಮತ್ತೆ ಚಿಗುರತ್ತ್ ಅಂದಿರ್ ಡಾಕ್ಟ್ರ್. ಆರ್ ತಿಂಗ್ಳೋ, ಒಂದ್ ವರ್ಷವೋ. ನೋವ್ ತಿರುಗಿ ಬತ್ತ್. ಸವೆದ ಗಂಟ್ ಸವೆದೇ ಇತ್ತಲೆ. ಬೇಕಾರೆ ಇನ್ನೊಂದ್ಸಲ ಮಾಡ್ಸ್ಲಕ್ಕ್.”

ಗುಲಾಬಿಯ ಕೈ ಮೀನಿನ ಮೇಲೆ ನಿಂತಿತು. ಗಂಟಿನ ಬಗ್ಗೆ ಅಳುತ್ತಾರೆ ಅಂದುಕೊಂಡಿದ್ದಳು ಸುಗುಣ.

“ಹಂಗಾರೆ ನಮ್ ಕ್ಷಮಾನ ಎದೆದೂ ತಿರುಗಿ ಬತ್ತಾ?”

“ಅದ್ ಬೇರೆ ಅತ್ತೆ. ಅವ್ಳಿಗೆ ಹುಟ್ಟುವಾಗ್ಳೇ ಎದೆಯೊಳ್ಗೆ ಕರೆಂಟ್ ಹರಿಯೂಕೆ ಒಂದ್ ಹೆಚ್ಚಿನ ದಾರಿ ಇದ್ದಿತ್. ಅದನ್ನ್ ಸುಟ್ಟ್ ಮುಚ್ಚಿರ್. ಹೆಚ್ಚಿನವ್ರಿಗೆ ಅಲ್ಲಿಗೇ ಮುಗಿತ್.”

“ಹೆಚ್ಚಿನವ್ರಿಗೆ,” ಎಂದರು ಗುಲಾಬಿ.

“ನೂರ್ರಲ್ಲ್ ಐದಾರ್ ಜನಕ್ಕೆ ಬತ್ತಂಬ್ರ್.”

“ಇದನ್ನೂ ನೀ ನಂಗ್ ಹೇಳ್ಲಿಲ್ಲ.”

“ಹೇಳ್ಲಿಲ್ಲ.”

ಕುಂದಾಪುರದ ಕಾಲೇಜಿನಿಂದ ಬಂದ ಕ್ಷಮಾ ಚೀಲ ಜಗಲಿಗೆ ಎಸೆದಳು. “ಅಜ್ಜಿ ನೆಲದಲ್ ಕೂಕಂಡಿರಲೆ! ಎಬ್ಸೂಕೆ ಕ್ರೇನ್ ತರ್ಸ್ಕಾ?”

ಗುಲಾಬಿ ನಗಲಿಲ್ಲ. ಕೈ ತೊಳೆದು ಸೆರಗಿಗೆ ಒರೆಸಿ, ಮೊಮ್ಮಗಳನ್ನು ಹತ್ತಿರ ಕೂರಿಸಿಕೊಂಡು ಅವಳ ಮಣಿಕಟ್ಟು ಹಿಡಿದರು.

“ಎಂತ ಅಜ್ಜಿ?”

“ಎಂತ ಇಲ್ಲ. ಸುಮ್ನೆ ಕೂಕೋ.”

ಒರಟು ಬೆರಳು ಅತ್ತಿತ್ತ ತಡಕಾಡಿತು, ನಾಡಿ ಸಿಗಲಿಲ್ಲ. ಸುಗುಣ ಬಗ್ಗಿ, ಅತ್ತೆಯ ಬೆರಳನ್ನು ಹೆಬ್ಬೆರಳಿನ ಬದಿಗೆ ಚೂರು ಸರಿಸಿ ಮೆಲ್ಲಗೆ ಒತ್ತಿದಳು. ಮಗಳ ಬಳೆ ಸರಿಮಾಡುವ ನೆಪದಲ್ಲಿ ಎರಡು ವರ್ಷದಿಂದ ಅವಳು ಮುಟ್ಟಿ ನೋಡುತ್ತಿದ್ದ ಜಾಗ ಅದು.